ಕೇಳದೆ ಕದಲದ ಭಾವ

ನಮ್ಮ ಭಾವನಂಥ ಸೋಮಾರಿ ಇಡೀ ಗುಬ್ಬಿ ತಾಲ್ಲೂಕಿನಲ್ಲಿ ಮತ್ತೊಬ್ಬರಿಲ್ಲ. ಹೀಗೆಂದರೆ ಅವರಿಗೆ ಕೋಪ ಬರುತ್ತದೆ ಅಂದುಕೊಂಡಿರಾ? ಇಲ್ಲ, ಹೆಮ್ಮೆಯಿಂದ ಮೀಸೆ ತಿರುವುತ್ತಾರೆ! ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅವರು ಪಾಠ ಮಾಡುವುದೇ ಸೋಮಾರಿತನವನ್ನು. ಅದೆಂಥದೋ ಫಂಕ್ಷನಲ್ ಪ್ರೋಗ್ರಾಮಿಂಗ್ ಅನ್ನೋ ಕಂಪ್ಯೂಟರ್ ಭಾಷೆಯಂತೆ. ಯಾರಾದರೂ ಉತ್ತರ ಬೇಕು ಅನ್ನುವವರೆಗೆ ಅದು ಲೆಕ್ಕವನ್ನೇ ಮಾಡುವುದಿಲ್ಲವಂತೆ. ಅದನ್ನು ಕಾಲೇಜಿನಲ್ಲೇ ಬಿಟ್ಟು ಬಂದಿದ್ದರೆ ನಮ್ಮಕ್ಕ ಬದುಕಿಕೊಳ್ಳುತ್ತಿದ್ದಳು. ಈ ಪುಣ್ಯಾತ್ಮರು ರೈಲಿನಲ್ಲಿ ಗುಬ್ಬಿಯ ಮನೆಗೂ ಹೊತ್ತು ತಂದರು.

ಒಂದು ಭಾನುವಾರ ನಾನು ಕುಣಿಗಲ್‌ನಿಂದ ಅಲ್ಲಿಗೆ ಹೋಗಿದ್ದೆ. ನಿಟ್ಟೂರಿನ ನೆಂಟರು ಬರುವವರಿದ್ದರು. ಹಾಲು ತನ್ನಿ ಅಂತ ಅಕ್ಕ ಬೆಳಿಗ್ಗೆಯೇ ಹೇಳಿದ್ದಳು. ನೆಂಟರು ಬಂದು ಕೂತರೂ ಹಾಲಿನ ಪತ್ತೆಯಿಲ್ಲ.

“ರೀ, ಹಾಲೆಲ್ಲಿ?”

“ಕಾಫಿ ಯಾರ್ ಕೇಳಿದ್ರು ಈಗ?”

ನೆಂಟರು ಸಂಕೋಚಪಟ್ಟು, “ಅಯ್ಯೋ, ಕಾಫಿಗೀಫಿ ಏನೂ ಬ್ಯಾಡ ಬುಡಿ” ಅಂದುಬಿಟ್ಟರು. ಭಾವ ಗೆದ್ದವರಂತೆ ಅಕ್ಕನ ಕಡೆ ತಿರುಗಿ, “ನೋಡ್ದಾ? ತಂದಿದ್ರೆ ದಂಡ ಆಗ್ತಿತ್ತು!” ಅಂದರು. ಕೊನೆಗೆ ನಾನೇ ಎದ್ದು ಹಾಲಿಗೆ ಓಡಿದೆ.

ಸೋಮಾರಿತನ ಸಾಲದು ಅಂತ ಶುದ್ಧಿ ಬೇರೆ! ನಮ್ಮಜ್ಜಿಯ ಮಡಿ ಒಂದು ಚೊಂಬು ನೀರಿಗೆ ಮುಗಿಯುತ್ತಿತ್ತು. ಇವರದು ಮುಗಿಯುವಂಥದಲ್ಲ. “ನಮ್ ಪ್ರೋಗ್ರಾಮಲ್ಲಿ ಶುದ್ಧ ಫಂಕ್ಷನ್ನು ಅಂತಿರುತ್ತೆ, ಅದು ಇರೋದನ್ನ ಕೆಡ್ಸಲ್ಲ ಕಣಮ್ಮ, ಹೊಸದು ಮಾಡ್ಕೊಡುತ್ತೆ. ಅದೇ ಲೆಕ್ಕ ಕೊಟ್ರೆ ಯಾವಾಗ್ಲೂ ಅದೇ ಉತ್ತರ” ಎಂದು ನನಗೂ ಪಾಠ ಆಗಿದೆ. ಸಾರಿಗೆ ಉಪ್ಪು ಕಡಿಮೆಯಾದರೆ ಇದ್ದ ಪಾತ್ರೆಗೆ ಹಾಕುವುದಿಲ್ಲ. ಇನ್ನೊಂದಕ್ಕೆ ಬಗ್ಗಿಸಿಕೊಂಡು ಅದಕ್ಕೆ ಹಾಕುತ್ತಾರೆ. ಉಪ್ಪು ಹೆಚ್ಚಾಯಿತೋ, ಮತ್ತೊಂದು ಪಾತ್ರೆ!

“ನಿಮ್ಮ ಶುದ್ಧಿ ಏನು ಅಂತ ಪಾತ್ರೆ ಉಜ್ಜೋಳಿಗೆ ಗೊತ್ತು” ಎಂದು ಅಕ್ಕ ಸಿಂಕಿನ ಮುಂದೆ ಗೊಣಗುತ್ತಿದ್ದಳು. “ಒಂದಿನಾನಾದ್ರೂ ಸಾರು ಚೆನ್ನಾಗಿದೆ ಅಂತ ಬಾಯಿ ಬಿಡಬಾರ್ದಾ?”

“ಮದುವೆ ಆದ ಹೊಸದ್ರಲ್ಲಿ ಹೇಳಿದೀನಲ್ಲೇ. ಅದೇ ಸಾರು, ಅದೇ ಉತ್ತರ. ಕೇಳಿದ್ದನ್ನೇ ಯಾಕೆ ಕೇಳ್ತೀಯಾ?”

ಇಂಥವರ ಜೊತೆ ಬಾಳುವೆ ಮಾಡುವವಳಿಗೆ ಏನೆಂದು ಸಮಾಧಾನ ಹೇಳುವುದು, ನೀವೇ ಹೇಳಿ!

ಹೋದ ವರ್ಷ ಅಕ್ಕನಿಗೆ ಮಂಡಿ ಆಪರೇಷನ್ ಆಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ್ದವಳಿಗೆ ನೋವಿಗಿಂತ ಮನೆಗೆ ಹೋಗುವುದರದೇ ಭಯ. “ಕೂಗ್ಲಿಲ್ಲ ಅಂದ್ರೆ ನಿಮ್ಮ ಭಾವ ಕದಲಲ್ಲ ಕಣೇ. ನೀರಿಗೂ ಕೂಗ್ಬೇಕು, ಮಾತ್ರೆಗೂ ಕೂಗ್ಬೇಕು. ಬಚ್ಚಲಿಗೆ ಹೋಗಕ್ಕೂ ಕೂಗ್ಬೇಕಲ್ಲೇ” ಎಂದು ಕಣ್ಣೀರು ಹಾಕಿದಳು. ನನಗೆ ಭಾವನ ಮೇಲೆ ಸಿಟ್ಟು ನೆತ್ತಿಗೇರಿತು. ಡಿಸ್ಚಾರ್ಜ್ ದಿನವಂತೂ ಅವರು “ನಾನು ಮನೇಲಿರ್ತೀನಿ, ನೀನೇ ಕರ್ಕೊಂಡ್ಬಾ” ಅಂದುಬಿಟ್ಟರು. ಇವತ್ತು ನಾಲ್ಕು ಮಾತು ಆಡಿಯೇಬಿಡಬೇಕು ಅಂದುಕೊಂಡೇ ಅಕ್ಕನನ್ನು ಕಾರಿನಲ್ಲಿ ಕರೆತಂದೆ.

ಬಾಗಿಲು ತೆರೆದರೆ, ಮಹಡಿಯ ಮಂಚ ಕೆಳಗೆ ಬಂದಿದೆ! ಹೊಸ್ತಿಲಿಗೆ ಇಳಿಜಾರಾಗಿ ಹಲಗೆ ಇಟ್ಟಿದೆ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಸ್ಟೀಲ್ ಪೈಪು. ಮಂಚದ ಪಕ್ಕ ಕೈಗೆಟುಕುವ ಹಾಗೆ ನೀರು, ಮಾತ್ರೆ. ಬೈಯಬೇಕೆಂದು ಬಂದವಳು ಆ ಪೈಪು ಹಿಡಿದು ಅಲ್ಲಾಡಿಸಿ ನೋಡಿದೆ.

“ಇದೇನ್ ಭಾವ, ಯಾರ್ ಕೇಳಿದ್ರು ಇದನ್ನೆಲ್ಲ?”

“ಕೇಳೋವರ್ಗೂ ಕಾಯೋದು ಪ್ರೋಗ್ರಾಮು ಕಣಮ್ಮ” ಅಂದರು, ನೆಲ ನೋಡುತ್ತ. “ಇವಳು ನೋವಲ್ಲಿ ಕೂಗೋದನ್ನ ನನ್ ಕೈಲಿ ಕೇಳಕ್ಕಾಗಲ್ಲ.”

ಮಧ್ಯಾಹ್ನ ತಾವೇ ಮಾಡಿದ ಸಾರು ಬಡಿಸಿದರು. ಒಂದು ತುತ್ತು ಬಾಯಿಗಿಟ್ಟೆ. ಶಿವನೇ, ಉಪ್ಪೇ ಹಾಕಿಲ್ಲ! ಅಕ್ಕ ಮಾತ್ರ ಕಣ್ಣೊರೆಸಿಕೊಂಡು ಉಣ್ಣುತ್ತಿದ್ದಳು.

“ಚೆನ್ನಾಗಿದೆ ಕಣ್ರೀ” ಅಂದಳು.

ಭಾವ ಸೌಟು ಹಿಡಿದವರು ಹಾಗೇ ನಿಂತುಬಿಟ್ಟರು.

“ಇನ್ನೊಂದ್ ಸಲ ಹೇಳೇ” ಅಂದರು.