ಅಳಿಸಿಹೋದ ಬೇಲಿ

ಮೌನೇಶ ಅಳಿಸಿದ್ದು ಒಂದೇ ಒಂದು ಬೇಲಿ. ಅದೂ ಮೊಬೈಲಿನಲ್ಲಿ, ಬೆರಳ ತುದಿಯಿಂದ.

ನಗರದ ಗಾಜಿಪುರ ಓಣಿಯ ಈ ಗುಮಾಸ್ತ ಹೊಸದಾಗಿ ಕೊಂಡ ಉದ್ದನೆಯ ಲೆನ್ಸ್ ಹೊತ್ತು ಕಮಲಾಪುರದ ಕೆಂಪುಬಾಳೆ ತೋಟಗಳಿಗೆ ಹೋಗಿದ್ದ. ರಸ್ತೆಯಲ್ಲೇ ನಿಂತು ಒಂದು ಫೋಟೋ ತೆಗೆದ. ಬೇಲಿಯ ಈಚೆ ಕಾಶಿರಾಯ, ಆಚೆ ಬಹುದೂರದಲ್ಲಿ ಸೂಗಪ್ಪ. ಇಬ್ಬರೂ ತಮ್ಮ ತಮ್ಮ ಆಳುಗಳ ಜೊತೆ ನಗುತ್ತಿದ್ದರು. ಲೆನ್ಸು ಸೂಗಪ್ಪನನ್ನು ಎಳೆದು ತಂದು ಕಾಶಿರಾಯನ ಹೆಗಲಿಗೆ ಅಂಟಿಸಿತು. ಮೌನೇಶ ಆಳುಗಳನ್ನು ಕತ್ತರಿಸಿದ, ಮುಳ್ಳುತಂತಿಯನ್ನು ಒರೆಸಿದ, ಮಟಮಟ ಮಧ್ಯಾಹ್ನಕ್ಕೆ ಸಂಜೆಯ ಬಣ್ಣ ಬಳಿದ. ‘ಗೆಳೆತನ’ ಎಂದು ಹೆಸರಿಟ್ಟು ನಗರದ ಫೋಟೋ ಸ್ಪರ್ಧೆಗೂ ಓಣಿಯ ಗ್ರೂಪಿಗೂ ಕಳಿಸಿದ. ಬಹುಮಾನ ತನ್ನದೇ ಎಂದುಕೊಂಡು ಅಂಗಿಗೆ ಇಸ್ತ್ರಿಯನ್ನೂ ಮಾಡಿಸಿಟ್ಟ.

ಫಲಿತಾಂಶದ ದಿನ ಬೆಳಿಗ್ಗೆ ಬಾಗಿಲು ದಡದಡ ಬಡಿಯಿತು. ಎದುರು ಮನೆಯ ವಿಮಲಾಬಾಯಿಯ ಹಿಂದೆ ಇಬ್ಬರು ನಿಂತಿದ್ದರು, ಒಬ್ಬರಿಗೊಬ್ಬರು ಬೆನ್ನು ಮಾಡಿ.

“ಬಾಳಿಹಣ್ಣ ಮಾರ್ಲಾಕ ಬಂದವ್ರಿಗಿ ನಾನೇ ಫೋಟೋ ತೋರ್ಸಿದೆ. ಮನೀನೂ ನಾನೇ ತೋರ್ಸಿದೆ,” ಎಂದರು ವಿಮಲಾಬಾಯಿ ಹೆಮ್ಮೆಯಿಂದ.

“ಸಾಹೇಬ್ರ, ನನ್ನ ಬೇಲಿ ಎಲ್ಲದ?” ಕಾಶಿರಾಯ ಗುಡುಗಿದ. “ಈ ಸೂಗಪ್ಪ ಕಿತ್ತಾನ!”

“ನಾ ಯಾಕ ಕೀಳ್ಲಿ? ಇಂವನೇ ಕಿತ್ತು ನನ್ನ ಹೊಲದಾಗ ನಿಂತಾನ!”

ಆ ಬೇಲಿಗಾಗಿಯೇ ಜಗಳಾಡಿ ವರ್ಷಗಳಿಂದ ಮಾತು ಬಿಟ್ಟವರು ಇವರು. ಮೂಲ ಫೋಟೋ ತೋರಿಸೋಣವೆಂದರೆ ಮೌನೇಶ ಅದನ್ನೂ ಅಳಿಸಿದ್ದ. “ಬೇಲಿ ನಾನೇ ತೆಗ್ದೀನ್ರಿ, ಫೋಟೋದಾಗ ಅಷ್ಟೇ,” ಎಂದು ಬಾಯಿಬಿಟ್ಟ.

“ಸ್ಪರ್ಧಾದಾಗ ಎಡಿಟ್ ನಡ್ಯಂಗಿಲ್ಲಂತಲ್ಲೋ ತಮ್ಮಾ?” ವಿಮಲಾಬಾಯಿ ನೆನಪಿಸಿದರು. ನಂಬದವರಿಗೆ ಬೇಲಿಯನ್ನೇ ತೋರಿಸಲು ಮೌನೇಶ ಕ್ಯಾಮೆರಾ ಹೆಗಲಿಗೇರಿಸಿ ಹೊರಟ.

ಹಣ್ಣಿನ ಗಾಡಿಯಲ್ಲಿ ಇಬ್ಬರ ನಡುವೆ ಬೇಲಿಯಂತೆ ಕೂತು ಅವನು ಕಮಲಾಪುರಕ್ಕೆ ಹೋದ. ಬೇಲಿ ಇದ್ದಲ್ಲೇ ಇತ್ತು.

“ಹಂಗಾದ್ರ ಫೋಟೋದಾಗ ನಾವಿಬ್ರು ಹತ್ತರ ಹೆಂಗ ಬಂದ್ವಿ?” ಕಾಶಿರಾಯ ಕೇಳಿದ.

ಮೌನೇಶ ಕ್ಯಾಮೆರಾವನ್ನು ಕಾಶಿರಾಯನ ಕೈಗೆ ಕೊಟ್ಟು ಹೊಲದ ನಡುವೆ ಹೋಗಿ ನಿಂತ. ಅವನ ಹಿಂದೆ, ಇನ್ನೂ ಬಹಳ ದೂರದಲ್ಲಿ, ಒಂದು ಎಮ್ಮೆ ಮೇಯುತ್ತಿತ್ತು.

“ಏ ಸೂಗಪ್ಪಾ, ಇಲ್ಲಿ ನೋಡಪಾ! ಎಮ್ಮಿ ಇವ್ರ ಹೆಗಲ ಮ್ಯಾಲ ತಲಿ ಇಟ್ಟದ!” ಕಾಶಿರಾಯ ಗುಂಡಿ ಒತ್ತಿಯೂಬಿಟ್ಟ.

ಸೂಗಪ್ಪ ಬೇಲಿಯ ಆಚೆಯಿಂದಲೇ ಬಗ್ಗಿ ನೋಡಿದ. ಇಬ್ಬರೂ ಬಿದ್ದುಬಿದ್ದು ನಕ್ಕರು. ಓಡಿ ಬಂದ ಮೌನೇಶ ಕ್ಯಾಮೆರಾ ಕಸಿದುಕೊಂಡು, ಬೇಲಿಯ ಮೇಲಿಂದ ಹೆಗಲಿಗೆ ಕೈ ಹಾಕಿ ನಗುತ್ತಿದ್ದ ಇಬ್ಬರನ್ನೂ ಸೆರೆಹಿಡಿದ. ಅಪ್ಪಟ ಗೆಳೆತನ, ತಂತಿ ಸಮೇತ! ಅವನಿಗೆ ಕುಣಿಯುವಷ್ಟು ಸಂತೋಷವಾಯಿತು.

ಸಂಜೆ ಫಲಿತಾಂಶದ ಸಭೆಗೆ ಹೋಗಿ, ಸ್ಪರ್ಧೆಗೆ ಕಳಿಸಿದ್ದ ಫೋಟೋ ವಾಪಸ್ ತೆಗೆದುಕೊಂಡು, ಹೊಸ ಫೋಟೋ ಇದ್ದ ಮೆಮರಿ ಕಾರ್ಡನ್ನೇ ತೀರ್ಪುಗಾರರಾದ ಜೀನತ್ ಮೇಡಂ ಮುಂದಿಟ್ಟ.

“ನಮ್ಮೂರೂ ಕಮಲಾಪುರನೇ ರೀ,” ಮೇಡಂ ನಕ್ಕರು. “ಇವ್ರಿಬ್ರು ಮಾರಿಗಿ ಮಾರಿ ನೋಡಂಗಿಲ್ಲ. ಇದು ಪೂರಾ ಎಡಿಟ್.”

ಮೌನೇಶ ಕಾಶಿರಾಯನಿಗೆ ಫೋನು ಮಾಡಿದ, ಸೂಗಪ್ಪನಿಗೆ ಮಾಡಿದ. ಹರಟೆಯಲ್ಲಿ ಮುಳುಗಿದ್ದ ಅವರು ಎತ್ತಲೇ ಇಲ್ಲ.

“ಆದ್ರ ಇದು ನೋಡ್ರಿ!” ಮೇಡಂ ಕಾರ್ಡಿನಲ್ಲಿ ಅದಕ್ಕೂ ಮುಂಚೆ ತೆಗೆದಿದ್ದ ಫೋಟೋ ತೋರಿಸಿದರು. “ಎಮ್ಮಿ ಎಷ್ಟ್ ಪ್ರೀತಿಲೆ ಹೆಗಲಿಗಿ ತಲಿ ಇಟ್ಟದ! ಇದರಾಗ ಮೋಸ ಇಲ್ಲ. ಮೊದಲ ಬಹುಮಾನ! ತೆಗ್ದವ್ರು ಯಾರು?”

“ಕಾಶಿರಾಯ,” ಎಂದ ಮೌನೇಶ, ಸಣ್ಣ ದನಿಯಲ್ಲಿ.

ಫಲಿತಾಂಶ ನೋಡಲು ಬಂದು ಹಿಂದೆ ಕೂತಿದ್ದ ವಿಮಲಾಬಾಯಿ ಕನ್ನಡಕ ಸರಿಮಾಡಿಕೊಂಡರು.

“ಎಮ್ಮಿ ಭಾಳ ಚಂದ ಬಂದದ. ಬಾಜೂಕ ನಿಂತಾಂವ ನೀನೇನೋ ತಮ್ಮಾ?”