ಮಾತು ನನ್ನದು, ಹೆಸರು ಅವರದು

ಜಾಹೀರಾತಿನಲ್ಲಿ, ಬ್ಯಾನರಿನಲ್ಲಿ, ಟಿವಿಯಲ್ಲಿ ವಾದ ಯಾವುದು, ಅದಕ್ಕೆ ಕಾರಣ ಏನು ಕೊಟ್ಟಿದ್ದಾರೆ, ಆ ಮಾತು ಅಸಲಿಗೆ ಯಾರದ್ದು ಎಂದು ಮಕ್ಕಳಿಗೆ ಕಲಿಸಲು ಹೊರಟವರನ್ನು ಇಂಥ ಪ್ರಸಂಗಗಳು ಮನೆ ಬಾಗಿಲಿಗೇ ಹುಡುಕಿಕೊಂಡು ಬರುತ್ತವೆ. ನಾನು ಚನ್ನಪಟ್ಟಣದ ಕಡೆಯ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಇದನ್ನು ಕಲಿಸುವ ಅತಿಥಿ ಉಪನ್ಯಾಸಕಿ. ಈ ಅತಿಥಿಗೆ ಯಾವ ಸತ್ಕಾರವೂ ಇಲ್ಲ. ವರ್ಷ ಮುಗಿದರೆ ಕೆಲಸ ಮುಗಿಯಿತು, ಮತ್ತೆ ಕರೆದರೆ ಉಂಟು. ಕರೆಯುವುದು ಬಿಡುವುದು ನಮ್ಮ ವಿಭಾಗದ ಮುಖ್ಯಸ್ಥರ ಕೈಯಲ್ಲಿ. ಅವರು ಒಂದು ದಾರಿ ತೋರಿಸಿದ್ದರು: ನನ್ನದೊಂದು ಲೇಖನ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದರೆ ಮುಂದಿನ ವರ್ಷವೂ ನಾನೇ.

ಫ್ಲೆಕ್ಸಿನ ಕೆಳಸಾಲು

ದಿನಾ ಕಣ್ಣಿಗೆ ಬೀಳುವ ಒಂದು ಬ್ಯಾನರ್ ಆರಿಸಿ ಅದರ ವಾದ ಹುಡುಕಿ ಎಂದು ತರಗತಿಗೆ ಹೇಳಿದ್ದೆ. ಒಬ್ಬ ಹುಡುಗಿ ಬಸ್ ಸ್ಟ್ಯಾಂಡಿನ ಫ್ಲೆಕ್ಸ್ ಫೋಟೊ ತೆಗೆದುಕೊಂಡು ಬಂದಳು. ಮೇಲೆ ದೊಡ್ಡ ನಾಯಕರು, ನಡುವೆ ಹುಟ್ಟುಹಬ್ಬದ ಮರಿನಾಯಕ, ಕೆಳಗೆ ಸಾಲಾಗಿ ಪುಟ್ಟ ಪುಟ್ಟ ಮುಖಗಳು. 'ನಮ್ಮ ಮುಂದಿನ ಭರವಸೆ' ಎಂಬುದು ವಾದ, ಕಾರಣ ಎಲ್ಲೂ ಕೊಟ್ಟಿಲ್ಲ ಎಂದು ಅವಳು ಓದಿದಳು. ನಾನು ಭೇಷ್ ಎಂದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

"ಕಾರಣ ಕೆಳಗಡೆ ಐತೆ ಮಿಸ್. ಆ ಸಾಲಲ್ಲಿ ಮೂರನೇದು ನಾನೇ."

ಅವನ ಉತ್ತರ ನನ್ನ ಪಾಠಕ್ಕಿಂತ ಚೆನ್ನಾಗಿತ್ತು. ಪೂರ್ತಿ ಅಂಕ ಕೊಟ್ಟೆ. ಮಾರನೆಯ ದಿನ ಆಡಳಿತ ಮಂಡಳಿಯಿಂದ ಫೋನು ಬಂತು, ಕಾಲೇಜಿನಲ್ಲಿ ರಾಜಕೀಯ ಬೇಡ ಎಂದು. ಮುಖ್ಯಸ್ಥರು ನನ್ನನ್ನು ಕರೆದು ಬುದ್ಧಿ ಹೇಳಿದರು: "ಸೋಪಿನ ಜಾಹೀರಾತು ತಗೊಳ್ಳಿ ಮೇಡಂ. ಸೋಪಿಗೆ ಹುಡುಗರ ಪಡೆ ಇರಲ್ಲ."

ಹೆಸರು ಬಿಟ್ಟರೆ ಬೇಜಾರು

ಕೃತಿಚೌರ್ಯ ಎಂಬ ಪದ ಬೋರ್ಡಿನ ಮೇಲೆ ಬರೆದಾಗ ಯಾರ ಮುಖದಲ್ಲೂ ಏನೂ ಆಗಲಿಲ್ಲ. ಕೊನೆಗೆ ಲಗ್ನಪತ್ರಿಕೆ ನೆನಪಿಸಿದೆ. ಸೋದರಮಾವನ ಹೆಸರು ಬಿಟ್ಟುಹೋದರೆ ಅವರು ಮದುವೆಗೆ ಬರುತ್ತಾರೆಯೇ? ಇಡೀ ತರಗತಿ ಇಲ್ಲ ಎಂದಿತು. ಹಾಗೆಯೇ ಯಾರ ಮಾತು ತೆಗೆದುಕೊಂಡಿರೋ ಅವರ ಹೆಸರನ್ನು ಕೊನೆಯಲ್ಲಿ ಹಾಕಬೇಕು ಎಂದೆ. ಎಲ್ಲರಿಗೂ ಥಟ್ಟನೆ ಅರ್ಥವಾಯಿತು. ಇಷ್ಟು ಸುಲಭವಾಗಿ ಅರ್ಥವಾದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮಾಗಡಿ ಕಡೆಯಿಂದ ಬರುವ ಹುಡುಗನೊಬ್ಬನ ಪ್ರಬಂಧದಲ್ಲಿ ವಿಷಯ ಅರ್ಧ ಪುಟ, ಹೆಸರುಗಳು ಒಂದು ಪುಟ. ಮೊದಲು ಮನೆದೇವರು, ಆಮೇಲೆ ಅಜ್ಜ ಅಜ್ಜಿ, ದೊಡ್ಡಪ್ಪಂದಿರು, ಪ್ರಾಂಶುಪಾಲರು, ಮುಖ್ಯಸ್ಥರು, ಕಡೆಗೆ ನಾನು. ಪ್ರಬಂಧ ಮಾತ್ರ ಒಂದು ವೆಬ್‌ಸೈಟಿನಿಂದ ಅಕ್ಷರ ಬಿಡದೆ ಇಳಿಸಿದ್ದು. ಆ ವೆಬ್‌ಸೈಟಿನ ಹೆಸರು ಎಲ್ಲಿದೆಯಪ್ಪ ಎಂದೆ.

"ಅದು ಯಾರ್ ಕಡೇದು ಅಂತ ಗೊತ್ತಾಗ್ಲಿಲ್ಲ ಮಿಸ್. ಬಿಟ್ರೂ ಯಾರೂ ಬೇಜಾರ್ ಮಾಡ್ಕಳಲ್ಲ ಅಂತ ಬುಟ್ಬುಟ್ಟೆ."

ಅಸಲಿ ಬೋರ್ಡು

ರಾಮನಗರದಲ್ಲಿ ಒಂದು ಕಾರ್ಯಾಗಾರ ಮುಗಿಸಿಕೊಂಡು ಮುಖ್ಯಸ್ಥರ ಕಾರಿನಲ್ಲಿ ವಾಪಸು ಬರುತ್ತಿದ್ದೆವು. ಮೊಮ್ಮಗನಿಗೆ ಬುಗುರಿ ಬೇಕೆಂದು ಹೆದ್ದಾರಿಯ ಬೊಂಬೆ ಅಂಗಡಿಯ ಮುಂದೆ ನಿಲ್ಲಿಸಿದರು. 'ಅಸಲಿ ಬೊಂಬೆ ನಮ್ಮಲ್ಲಿ ಮಾತ್ರ, ನಕಲಿಗೆ ಮೋಸಹೋಗದಿರಿ' ಎಂದು ಬೋರ್ಡಿತ್ತು. ಪಕ್ಕದ ಅಂಗಡಿಯಲ್ಲೂ ಅದೇ ಬೋರ್ಡು, ಅದೇ ಬಣ್ಣ. ಇವೆರಡರಲ್ಲಿ ಯಾವುದು ನಿಜ ಎಂದು ಅಂಗಡಿಯವನನ್ನು ಕೇಳಿದೆ.

"ಬೋರ್ಡು ಅವ್ರದ್ದು ನೋಡ್ಕಂಡು ಬರ್ಸಿದ್ದು ಮೇಡಂ. ಬೊಂಬೆಗೇನು, ಇಬ್ರಿಗೂ ಒಂದೇ ಲಾರೀಲಿ ಹೊರಗಡೆಯಿಂದ ಬತ್ತವೆ."

ಮುಖ್ಯಸ್ಥರಿಗೆ ಕೋಪ ನೆತ್ತಿಗೇರಿತು. ಇಲ್ಲೇ ಗಲ್ಲಿಯೊಳಗೆ ಕೂತು ಮರ ಕಡೆದು, ಅರಗು ಹಚ್ಚುವವರ ಗತಿ ಏನು, ಇನ್ನೊಬ್ಬರ ಬೆವರು ಕದಿಯುವವರಿಗೆ ನಾಚಿಕೆ ಬೇಡವೇ ಎಂದು ಚನ್ನಪಟ್ಟಣ ಬರುವವರೆಗೂ ಮಾತಾಡಿದರು. ನನ್ನ ಕಣ್ಣು ಒದ್ದೆಯಾಯಿತು. ಇಳಿಯುವಾಗ, ಲೇಖನ ಎಲ್ಲಿಗೆ ಬಂತು ಮೇಡಂ, ಕೊಡಿ, ಒಸಿ ತಿದ್ದಿಕೊಡ್ತೀನಿ ಎಂದರು. ಇಂಥ ಮನುಷ್ಯರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದುಕೊಂಡು ಕೊಟ್ಟುಬಿಟ್ಟೆ.

ಸಾಕ್ಷಿಗೆ ಬಂದವರು

ಲೇಖನ ಬಹಳ ದಿನ ಬಿಟ್ಟು ಮುಖ್ಯಸ್ಥರಿಂದ 'ಇನ್ನೂ ಪಕ್ವವಾಗಬೇಕು' ಎಂಬ ಮಾತಿನೊಂದಿಗೆ ವಾಪಸು ಬಂತು. ಇರಲಿ ಎಂದು ಪತ್ರಿಕೆಗೆ ಕಳಿಸಿದೆ. ಇದು ಈಗಾಗಲೇ ನಿಮ್ಮ ಮುಖ್ಯಸ್ಥರ ಹೆಸರಿನಲ್ಲಿ ಬೇರೆ ಕಡೆ ಅಚ್ಚಾಗಿದೆ, ಕೃತಿಚೌರ್ಯ ಮಾಡಬೇಡಿ ಎಂದು ಉತ್ತರ ಬಂತು. ಆ ಇನ್ನೊಂದು ಪತ್ರಿಕೆ ತರಿಸಿ ನೋಡಿದರೆ ಒಂದು ಸಾಲೂ ಬದಲಾಗಿಲ್ಲ. ಜಾಹೀರಾತಿನ ವಾದಕ್ಕೆ ಉದಾಹರಣೆಯಾಗಿ ನಾನು ನಮ್ಮಪ್ಪನ ತಮ್ಮನ ಹೆಂಡತಿಯ ಕಥೆ ಬರೆದಿದ್ದೆ: 'ಮರಳವಾಡಿಯ ನನ್ನ ಚಿಕ್ಕಮ್ಮ ಟಿವಿ ನೋಡಿ ಮಂಡಿನೋವಿನ ಎಣ್ಣೆ ಕೊಂಡರು. ಯಾಕೆಂದರೆ ಜಾಹೀರಾತಿನ ನಟ ಧಾರಾವಾಹಿಯಲ್ಲಿ ತಾಯಿಗೆ ಸುಳ್ಳು ಹೇಳದ ಮಗ.' ಪುಣ್ಯಾತ್ಮರು ನನ್ನ ಚಿಕ್ಕಮ್ಮನನ್ನೂ ಎಣ್ಣೆ ಸಮೇತ ಎತ್ತಿಕೊಂಡು ಹೋಗಿದ್ದರು.

ಪ್ರಾಂಶುಪಾಲರಿಗೆ ದೂರು ಕೊಟ್ಟೆ. ಅವರು ಎರಡು ಪ್ರತಿಗಳನ್ನೂ ಮುಂದಿಟ್ಟುಕೊಂಡು, ಇಬ್ಬರೂ 'ನನ್ನ ಚಿಕ್ಕಮ್ಮ' ಅಂದಿದ್ದೀರಿ, ಯಾರನ್ನು ನಂಬಲಿ ಎಂದರು. ಸರಿ, ಚಿಕ್ಕಮ್ಮನನ್ನೇ ಕರೆಸುತ್ತೇನೆ ಎಂದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಪ್ರಪಂಚದಲ್ಲಿ ಇಲ್ಲ ಎಂದು ನಾನು ನಂಬಿದ್ದೆ.

ಚಿಕ್ಕಮ್ಮ ಒಳ್ಳೆ ಸೀರೆ ಉಟ್ಟು, ಬಸ್ಸು ಬದಲಾಯಿಸಿಕೊಂಡು ಬಂದರು. ಪ್ರಾಂಶುಪಾಲರು ಬಾಯಿ ತೆರೆಯುವ ಮೊದಲೇ ಅಲ್ಲೇ ಕೂತಿದ್ದ ಮುಖ್ಯಸ್ಥರು ಎದ್ದು ಚಿಕ್ಕಮ್ಮನ ಕಾಲಿಗೆ ನಮಸ್ಕಾರ ಮಾಡಿದರು. ಕಾಲಿಗೆ ಬಿದ್ದವರನ್ನು ಯಾರ ಮಗ ಎಂದು ಕೇಳದೆ ಬಿಡುವ ಹೆಂಗಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಚಿಕ್ಕಮ್ಮ ಕೇಳಿದರು. ಮುಖ್ಯಸ್ಥರು ತಮ್ಮ ತಾಯಿಯ ಊರು ಹೇಳಿದರು. ಅದು ಕನಕಪುರದ ಹತ್ತಿರವಿರುವ ಚಿಕ್ಕಮ್ಮನ ತವರೂರೇ. ಯಾವ ಮನೆ, ಯಾವ ಬೀದಿ, ಬಾವಿ ಪಕ್ಕದ್ದೋ ಗುಡಿ ಹಿಂದಿನದ್ದೋ ಎಂದು ವಿಚಾರಣೆ ನಡೆಯಿತು. ಪ್ರಾಂಶುಪಾಲರೂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ನಾನೊಬ್ಬಳೇ ಲೇಖನ ಹಿಡಿದು ನಿಂತಿದ್ದೆ.

"ಅಂಗಾರೆ ನಿಮ್ಮವ್ವ ನಮ್ ದೊಡ್ಡಪ್ಪನ ಮಗ್ಳು ಕಣಪ್ಪ," ಎಂದರು ಚಿಕ್ಕಮ್ಮ, ಕಣ್ಣು ಒರೆಸಿಕೊಂಡು. "ನೀನು ನಂಗೆ ಮಗ್ನೇ ಆಗ್ಬೇಕು."

ಪ್ರಾಂಶುಪಾಲರು ನನ್ನ ದೂರನ್ನು ಮಡಿಚಿ ಪಕ್ಕಕ್ಕಿಟ್ಟರು. ಅವರು ಬರೆದದ್ದರಲ್ಲಿ ಸುಳ್ಳೇನಿಲ್ಲವಲ್ಲ ಮೇಡಂ ಎಂದರು. ಮುಖ್ಯಸ್ಥರು ಎಲ್ಲರಿಗೂ ಕಾಫಿ ತರಿಸಿದರು. ಮುಂದಿನ ವರ್ಷದ ಅತಿಥಿ ಉಪನ್ಯಾಸಕರಲ್ಲಿ ನನ್ನ ಹೆಸರಿಲ್ಲ ಎಂಬುದು ಆ ಕಾಫಿ ಕುಡಿಯುವಾಗಲೇ ನನಗೆ ಗೊತ್ತಾಯಿತು, ಯಾರೂ ಹೇಳಬೇಕಾಗಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಚಿಕ್ಕಮ್ಮನ ಜೊತೆ ನಡೆದೆ. ಕೆಲಸ ಹೋಯಿತು ಚಿಕ್ಕಮ್ಮ ಎಂದೆ. ಅವರು ಪಾಪ, ನಿಜವಾಗಿ ನೊಂದುಕೊಂಡರು. ಬೆನ್ನು ಸವರಿ ಸಮಾಧಾನ ಹೇಳಿದರು.

"ಅದ್ಕ್ಯಾಕವ್ವ ಯೋಚ್ನೆ? ನಿಮ್ಮಣ್ಣ ಅಷ್ಟ್ ಚೆನ್ನಾಗಿ ಬರೀತಾನಂತೆ. ಓಗಿ ಒಸಿ ಕಲ್ತ್ಕೊ."