ಅರಿಶಿನ ಕಾಣದ ಸಿಸ್ಟಮ್

ಕಾಗದಪತ್ರ ನಿರ್ವಹಣೆಯ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಕೂದಲು ಉದುರಿಸಿಕೊಂಡವನು ನಾನು. ನನ್ನ ಮೇಜಿಗೆ ಬಂದ ಒಂದು ಕಡತವೂ ಕಳೆದುಹೋದದ್ದಿಲ್ಲ. ಮೇಜು ಬಿಟ್ಟು ಹೊರಗೆ ಹೋದರೆ ತಾನೆ ಕಳೆಯುವುದು!

ನಿವೃತ್ತನಾದ ಮೇಲೆ ನನ್ನ ಕಣ್ಣು ಹೆಂಡತಿ ಸುಧಾಳ ಉದ್ಯಮದ ಮೇಲೆ ಬಿತ್ತು. ಚಿಕ್ಕಲಸಂದ್ರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅವಳು ಇಪ್ಪತ್ತು ವರ್ಷದಿಂದ ಅಡುಗೆ ಮಾಡಿಸಿ ಸಮಾರಂಭಗಳಿಗೆ ಕಳಿಸುತ್ತಾಳೆ. ನಾಮಕರಣ, ಸೀಮಂತ, ಗೃಹಪ್ರವೇಶ, ಹಾಗೆಯೇ ತೀರಿಕೊಂಡವರ ವೈಕುಂಠ ಸಮಾರಾಧನೆಯ ಊಟವೂ ಇರುತ್ತದೆ. ಇಷ್ಟು ದೊಡ್ಡ ವ್ಯವಹಾರದ ದಾಖಲೆಗಳೆಲ್ಲ ಎಲ್ಲಿದ್ದವು? ಎರಡು ತಂತಿಗಳಲ್ಲಿ! ಆರ್ಡರ್ ಚೀಟಿ ಬಂದ ಕೂಡಲೇ, ಶುಭಕಾರ್ಯದ್ದಾದರೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಮುಂಬಾಗಿಲ ತಂತಿಗೆ ಚುಚ್ಚುತ್ತಾಳೆ. ಸಮಾರಾಧನೆಯದಾದರೆ ಅರಿಶಿನವಿಲ್ಲ, ಹಿತ್ತಿಲ ಬಾಗಿಲ ತಂತಿ. ಅಷ್ಟೇ.

ನನ್ನ ಮಾನ ಹೋದಂತಾಯಿತು. "ಸುಧಾ, ನಿನ್ನ ಬಿಸಿನೆಸ್‌ಗೆ ಒಂದು ಡಾಕ್ಯುಮೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬೇಕು" ಎಂದು ಘೋಷಿಸಿದೆ.

"ನಂಗೆ ಬೇಕಾಗಿರೋದು ದೊಡ್ಡ ಗ್ರೈಂಡರ್ ಕಣ್ರೀ" ಎಂದಳು.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹದಿನಾಲ್ಕು ಕಾಲಂಗಳ ಒಂದು ತುಲನಾತ್ಮಕ ಪಟ್ಟಿ ಸಿದ್ಧಪಡಿಸಿ, ಮೂರು ಕಂಪನಿಗಳನ್ನು ಮನೆಗೆ ಕರೆಸಿದೆ. ಮೊದಲನೆಯವರು ಒಂದು ಗಂಟೆ ಮಾತಾಡಿದರು, ನನಗೆ ಅರ್ಥವಾದದ್ದು 'ನಮಸ್ಕಾರ' ಮಾತ್ರ. ಎರಡನೆಯವರಿಗೆ ಸುಧಾ ಒಂದೇ ಪ್ರಶ್ನೆ ಕೇಳಿದಳು: "ಕೈಯೆಲ್ಲಾ ಹಿಟ್ಟಾಗಿದ್ರೂ ಇದ್ರಲ್ಲಿ ಹುಡುಕ್ಬಹುದಾ?" ಅವರು ಮತ್ತೆ ಫೋನ್ ಮಾಡಲಿಲ್ಲ. ಮೂರನೆಯವರು ಬಸವರಾಜ್, ಹುಬ್ಬಳ್ಳಿ ಕಡೆಯವರು, ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆ ಮನೆ. ಇವರ ಸಿಸ್ಟಮ್ ಒಂದೊಂದು ಕೆಲಸ ಮುಗಿದಾಗಲೂ 'ಟಿಂಗ್' ಎನ್ನುತ್ತಿತ್ತು. ಹದಿನಾಲ್ಕೂ ಕಾಲಂಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ನಂತರ ನಾನು ಆರಿಸಿದ್ದು ಆ ಟಿಂಗನ್ನು.

"ಸರ್, ಶುಭಾನೋ ಅಶುಭಾನೋ ಸಿಸ್ಟಮ್‌ಗೆ ಹೆಂಗ ಗೊತ್ತಾಗ್ಬೇಕ್ರಿ?" ಎಂದರು ಬಸವರಾಜ್. "ಏನರ ಗುರ್ತು ಐತೇನ್ರಿ?"

"ಅರಿಶಿನ ಇದ್ರೆ ಶುಭ."

"ಮುಗೀತ್ ಬಿಡ್ರಿ! ಮೂಲ್ಯಾಗ ಹಳದಿ ಕಂಡ್ರ ಶುಭ, ಕಾಣ್ಲಿಲ್ಲಂದ್ರ ಅಶುಭ. ಹಂಗ ಸೆಟ್ ಮಾಡ್ತೀನ್ರಿ. ಹಿಂದಿನ ದಿನ ಪಾರ್ಟಿಗೆ ಮೆಸೇಜೂ ತಾನ ಹೋಗ್ತದ."

ಶುಭಕ್ಕೊಂದು, ಅಶುಭಕ್ಕೊಂದು ಸಂದೇಶವನ್ನು ನಾನೇ ಬರೆದುಕೊಟ್ಟೆ. ಎರಡನೆಯದನ್ನು ಬರೆಯುವಾಗ ನನ್ನ ಕಣ್ಣೇ ಒದ್ದೆಯಾಯಿತು.

ಮರುದಿನ ಸ್ಕ್ಯಾನಿಂಗ್ ಕಾರ್ಯಕ್ರಮ. ಪ್ರತಿ ಚೀಟಿಯ ಮೊದಲ ಸಾಲೇ ಅದರ ಕಡತದ ಹೆಸರಾಗಬೇಕೆಂದು ಸಿಸ್ಟಮ್‌ಗೆ ಆದೇಶಿಸಿದೆ. ನಮ್ಮ ಜನ ಮೊದಲ ಸಾಲಿನಲ್ಲಿ ಏನು ಬರೆಯುತ್ತಾರೆ? ಸಂಜೆಯ ಹೊತ್ತಿಗೆ ಶ್ರೀ-೧, ಶ್ರೀ-೨, ಶ್ರೀ-೩ ಎಂದು ಶುರುವಾಗಿ ನಾನ್ನೂರ ಹನ್ನೆರಡು ಶ್ರೀಗಳು ಸಾಲಾಗಿ ನಿಂತಿದ್ದವು!

"ಇನ್ನೊಂದಿಷ್ಟು ಸೇರ್ಸಿ, ಸಹಸ್ರನಾಮ ಆಗುತ್ತೆ" ಎಂದಳು ಸುಧಾ.

ಇದು ಸಣ್ಣ ತಪ್ಪು. ದೊಡ್ಡದು ಬೇರೆಯೇ ಇತ್ತು. ಸ್ಕ್ಯಾನರಿನಲ್ಲಿ ಎರಡು ಗುಂಡಿಗಳಿದ್ದವು: ಕಲರ್, ಬ್ಲ್ಯಾಕ್ ಅಂಡ್ ವೈಟ್. ಕಲರ್ ಪ್ರತಿ ಬೇಕಾದರೆ ಮೇಲಧಿಕಾರಿಯ ಸಹಿ ತರಬೇಕಾಗಿದ್ದ ಕಚೇರಿಯಲ್ಲಿ ಬೆಳೆದವನು ನಾನು. ಬೆರಳು ತಾನಾಗಿ ಬ್ಲ್ಯಾಕ್ ಅಂಡ್ ವೈಟ್ ಒತ್ತಿತು. ಮುಗಿದ ಮೇಲೆ ತಂತಿಗಳನ್ನು ಚೀಟಿಗಳ ಸಮೇತ ಅಟ್ಟಕ್ಕೆ ಹಾಕಿ ನೆಮ್ಮದಿಯಾಗಿ ಮಲಗಿದೆ.

ಶನಿವಾರ ಬೆಳಗ್ಗೆ ನನ್ನ ಫೋನು 'ಟಿಂಗ್' ಎಂದಿತು. ಸಿಸ್ಟಮ್ ಕಳಿಸಿದ ಮೊದಲ ಸಂದೇಶದ ಪ್ರತಿ! ಹೂರಣ ರುಬ್ಬಿಸುತ್ತಿದ್ದ ಸುಧಾಳಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಓದಿದಳು. ಮತ್ತೊಮ್ಮೆ ಓದಿದಳು.

"ರೀ, ಕಮಲಮ್ಮನವರ ಮನೇಲಿ ಯಾರು ಹೋದ್ರು?"

"ಯಾರೂ ಇಲ್ವಲ್ಲ, ನಾಳೆ ಸೊಸೆ ಸೀಮಂತ."

"ಹಾಗಾದ್ರೆ ಇದೇನು?"

ನೋಡಿದೆ. 'ಶ್ರೀಮತಿ ಕಮಲಮ್ಮನವರ ಕುಟುಂಬಕ್ಕೆ: ಅಗಲಿದ ಹಿರಿಯ ಚೇತನಕ್ಕೆ ಶಾಂತಿ ಸಿಗಲಿ. ದುಃಖ ಭರಿಸುವ ಶಕ್ತಿಯನ್ನು ದೇವರು ನಿಮಗೆ ನೀಡಲಿ. ನಾಳೆ ಹನ್ನೆರಡೂವರೆಗೆ ಊಟ ತಲುಪಲಿದೆ.'

ಶ್ರೀನಗರದ ಕಮಲಮ್ಮ ಸುಧಾಳ ಮೊಟ್ಟಮೊದಲ ಗಿರಾಕಿ. ಅವರು ನಾಲ್ಕು ಮನೆಗೆ ಹೇಳಿದ್ದರಿಂದಲೇ ಈ ಶೆಡ್ಡಿನಲ್ಲಿ ಒಲೆ ಉರಿಯುತ್ತಿರುವುದು. ಅವರು ಮುನಿಸಿಕೊಂಡರೆ ನಾಳಿನ ಊಟವಷ್ಟೇ ಅಲ್ಲ, ಇಪ್ಪತ್ತು ವರ್ಷದ ಹೆಸರೇ ಹೋಗುತ್ತದೆ.

ಸಂದೇಶ ಅಳಿಸಲು ಹೋದೆ. ಅಡ್ಮಿನ್ ಒಪ್ಪಿಗೆ ಬೇಕೆಂದಿತು. ಅಡ್ಮಿನ್ ನಾನೇ! ಪಾಸ್‌ವರ್ಡನ್ನು ಭದ್ರವಾಗಿರಲೆಂದು ಚೀಟಿಯಲ್ಲಿ ಬರೆದು ತಂತಿಗೆ ಚುಚ್ಚಿದ್ದೆ. ತಂತಿ ಅಟ್ಟದಲ್ಲಿತ್ತು. ಕಮಲಮ್ಮನವರಿಗೆ ಫೋನ್ ಮಾಡೋಣವೆಂದರೆ, ಫೋನ್ ಕೈಗೆತ್ತಿಕೊಂಡರೆ ಮೆಸೇಜೂ ಕಂಡೀತು. ಸ್ಕೂಟರ್ ಹತ್ತಿದೆ.

ಕಮಲಮ್ಮನವರ ಬಾಗಿಲಿಗೆ ಆಗಲೇ ತೋರಣ ಕಟ್ಟಿತ್ತು. ನಡುಮನೆಯಲ್ಲಿ ಅವರು ಹಸಿರು ಬಳೆ ಜೋಡಿಸುತ್ತಿದ್ದರು. ಪಕ್ಕದಲ್ಲೇ ಫೋನು.

"ಬನ್ನಿ ನಾಗರಾಜ್! ನಿಮ್ಮಿಂದ ಏನೋ ಮೆಸೇಜ್ ಬಂದಿದೆ. ಕನ್ನಡಕ ಎಲ್ಲಿಟ್ಟೆನೋ ಸಿಗ್ತಿಲ್ಲ. ನೀವೇ ಓದ್ಬಿಡಿ."

ದೇವರಿದ್ದಾನೆ! ಫೋನು ಕೈಗೆ ಬಂತು. ಅಲ್ಲೇ ಅಳಿಸಿಬಿಡಬಹುದಿತ್ತು. ಆದರೆ ಜೀವನದಲ್ಲಿ ಒಂದು ಕಡತವನ್ನೂ ನಾಶಪಡಿಸದ ಬೆರಳಿಗೆ ಆ ಗಾಬರಿಯಲ್ಲಿ ಅದು ಹೊಳೆಯಲೇ ಇಲ್ಲ. ಗಂಟಲು ಸರಿಪಡಿಸಿಕೊಂಡು ಓದಿದೆ: "ತುಂಬು ಗರ್ಭಿಣಿಗೆ ಶುಭವಾಗಲಿ, ನಿಮ್ಮ ಮನೆಯ ತೊಟ್ಟಿಲು ಸದಾ ತೂಗುತ್ತಿರಲಿ..."

"ಅಯ್ಯೋ, ಎಷ್ಟು ಚೆನ್ನಾಗಿ ಬರ್ದಿದ್ದೀರಿ!" ಎಂದು ಕಮಲಮ್ಮ ಫೋನ್ ಇಸಿದುಕೊಂಡರು. "ನಮ್ಮ ಬಳಗದ ಗ್ರೂಪಿಗೆ ಹಾಕ್ತೀನಿ, ತಾಳಿ."

"ಬೇಡಿ ಅಮ್ಮಾ, ಕನ್ನಡಕ ಇಲ್ದೆ..."

"ಫಾರ್ವರ್ಡ್ ಮಾಡೋಕೆ ಕನ್ನಡಕ ಯಾಕ್ರೀ? ದಿನಾ ಗುಡ್ ಮಾರ್ನಿಂಗ್ ಕಳ್ಸೋ ಕೈ ಇದು!"

ಕಳಿಸಿಯೇಬಿಟ್ಟರು. ಎರಡು ನಿಮಿಷದಲ್ಲಿ ಮೈಸೂರಿನಿಂದ ಅವರ ತಮ್ಮನ ಕರೆ. ಸ್ಪೀಕರಿನಲ್ಲಿ ಗೋಳಾಟ.

"ಭಾವಾ! ನಮ್ಮಕ್ಕ ಯಾವಾಗ ಹೋದ್ಲು ಭಾವಾ?"

"ಎಲ್ಲಿಗೆ ಹೋಗ್ಲೋ? ಇಲ್ಲೇ ಬಳೆ ಜೋಡಿಸ್ತಾ ಕೂತಿದೀನಿ!" ಎಂದರು ಕಮಲಮ್ಮ.

ಅಷ್ಟರಲ್ಲಿ ಕನ್ನಡಕವೂ ಸಿಕ್ಕಿತು, ಅವರ ತಲೆಯ ಮೇಲೆಯೇ ಇತ್ತು. ಕಮಲಮ್ಮ ಸಂದೇಶವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕೆಳಗೆ ಬಂದಿದ್ದ ಹದಿನೇಳು 'ಓಂ ಶಾಂತಿ'ಗಳನ್ನೂ ಓದಿದರು.

"ಶುಭಕಾರ್ಯದ ಮನೆ ಕಣ್ರೀ ಇದು! ನನ್ನನ್ನೇ ಕಳ್ಸಿಬಿಟ್ರಲ್ಲ! ನಾಳೆ ನಿಮ್ಮ ಊಟ ಬೇಡ, ಹೊರಡಿ!"

ನಾನು ಎದ್ದೆ. ಬಾಗಿಲಲ್ಲಿ ಆಟೋ ನಿಂತ ಸದ್ದು. ಸುಧಾ! ಒಂದು ಕೈಯಲ್ಲಿ ಬಿಸಿ ಹೋಳಿಗೆಯ ಡಬ್ಬಿ, ಇನ್ನೊಂದರಲ್ಲಿ ಅಟ್ಟದಿಂದ ತೆಗೆದ ಕಮಲಮ್ಮನವರ ಆರ್ಡರ್ ಚೀಟಿ, ನಾಲ್ಕು ಮೂಲೆಯಲ್ಲೂ ಅರಿಶಿನ.

"ತಪ್ಪಾಯ್ತು ಅಮ್ಮಾ" ಎಂದು ಚೀಟಿಯನ್ನು ಅವರ ಮುಂದಿಟ್ಟಳು. "ನಾನು ಹಚ್ಚಿದ ಅರಿಶಿನ ಇವ್ರ ಮೆಷಿನ್‌ಗೆ ಕಾಣ್ಲಿಲ್ಲ. ಆದ್ರೆ ಬದುಕಿರೋರ ಸಾವಿನ ಸುದ್ದಿ ಹಬ್ಬಿದ್ರೆ ಆಯಸ್ಸು ಹೆಚ್ಚುತ್ತೆ ಅಂತಾರಲ್ಲ. ಹುಟ್ಟೋ ಮಗೂನ ಮದುವೇನೂ ನೀವೇ ಮಾಡ್ತೀರಿ."

ಕಮಲಮ್ಮ ಚೀಟಿ ನೋಡಿದರು, ಹೋಳಿಗೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಅವರ ತುಟಿ ಅಲುಗಿತು.

"ಆ ಮದುವೆ ಊಟಾನೂ ನಿಂದೇ ಸುಧಾ. ಆದ್ರೆ ನಿಮ್ಮ ಯಜಮಾನ್ರು ಈಗ್ಲೇ ಇಲ್ಲಿ ಕೂತು, ಗ್ರೂಪಲ್ಲಿರೋ ಒಬ್ಬೊಬ್ರಿಗೂ ಫೋನ್ ಮಾಡಿ ನಾನು ಬದುಕಿದೀನಿ ಅಂತ ಹೇಳ್ಬೇಕು."

ನಲವತ್ತಮೂರು ಜನಕ್ಕೆ ಹೇಳಿದೆ. ಇಬ್ಬರು ನಂಬಲಿಲ್ಲ.

ಮನೆಗೆ ಬಂದಾಗ ನಿಜವಾಗಿಯೂ ನಾಚಿಕೆಯಾಯಿತು. ಇಪ್ಪತ್ತು ವರ್ಷ ಅವಳು ಒಂದು ಚಿಟಿಕೆ ಅರಿಶಿನದಲ್ಲಿ ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ಗುಂಡಿ ಒತ್ತಿ ಕಳೆಯಲಿದ್ದೆ. "ಸಾರಿ ಸುಧಾ" ಎಂದೆ. ಅವಳು ಹೂರಣದ ಕಡೆ ಹೋದಳು.

ಮರುದಿನ ಬೆಳಗ್ಗೆ ನೋಡಿದರೆ ಎರಡು ತಂತಿಗಳೂ ತಮ್ಮ ತಮ್ಮ ಬಾಗಿಲಿಗೆ ಮರಳಿದ್ದವು. ನನ್ನ ಹದಿನಾಲ್ಕು ಕಾಲಂಗಳ ತುಲನಾತ್ಮಕ ಪಟ್ಟಿ ಎಲ್ಲಿ ಹೋಯಿತೆಂದು ಹುಡುಕಲು ಹೊರಟೆ. ಹುಡುಕಬೇಕಾಗಲೇ ಇಲ್ಲ. ಹಿತ್ತಿಲ ಬಾಗಿಲ ತಂತಿಯಲ್ಲಿ ಎಲ್ಲಕ್ಕಿಂತ ಮೇಲೆ ಚುಚ್ಚಿತ್ತು, ಒಂದು ಮೂಲೆಗೂ ಅರಿಶಿನವಿರಲಿಲ್ಲ.